ಗೋದಾಮು ತುಂಬ ಫಾಸ್ಫೇಟು

ಜೂನ್ 14, 2024

ಸಂಡೂರಿನ ತವರಿನಿಂದ ಸೊಸೆ ಫೋನ್ ಮಾಡಿದ್ದಳು. ಕೂಸು ನಿದ್ದೆಯಿಂದ ಏಳುವಾಗ ಎರಡೂ ಕೈ ಎತ್ತಿ ಬೆಚ್ಚಿ ಬೀಳುತ್ತದಂತೆ, ಒಂದರ ಬೆನ್ನಿಗೆ ಇನ್ನೊಂದು.

"ಅತ್ತಿ, ಇದು ಬರೇ ಬೆಚ್ಚೋದಲ್ಲ ಅನಸ್ತೈತ್ರಿ."

"ಮೂರು ತಿಂಗಳ ಕೂಸು ಬೆಚ್ಚದ ಇನ್ನೇನ್ ಮಾಡ್ತೈತಿ? ನಿನ್ನ ಗಂಡನೂ ಹಂಗ ಬೆಚ್ಚತಿದ್ದ. ಈಗ ತೋರಣಗಲ್ಲಿನ್ಯಾಗ ಕಾದ ಕಬ್ಬಿಣದ ಮುಂದ ನಿಂದರತಾನ."

ಸುಮ್ಮನಾದಳು. ಸ್ಫೂರ್ತಿ ಸುಮ್ಮನಾದರೆ ಒಪ್ಪಿದಳು ಎಂದಲ್ಲ, ಮದುವೆಯಾದಾಗಿನಿಂದ ಅಷ್ಟನ್ನು ನಾನು ಕಲಿತಿದ್ದೇನೆ.

ಮಳೆ ಹದವಾಗಿದೆ, ನನ್ನ ಗೊಬ್ಬರದಂಗಡಿಯಲ್ಲಿ ಜನವೋ ಜನ. ರಾಮಸಾಗರದ ಭರಮಣ್ಣ ಬಂದು, ಎಕರೆಗೆ ಒಂದು ಚೀಲ ಡಿಎಪಿ ಹೆಚ್ಚಿಗೆ ಬೇಕೆಂದ.

"ಯಾಕಪ, ಹೊಲಕ್ಕೇನು ಮದುವಿ ಗೊತ್ತಾಗೇತೇನು?"

"ಇಳುವರಿ ಬರಬೇಕಲ್ರಿ ಸಾವುಕಾರ್ತಿ."

"ಹೋದ ವರ್ಷ ಹಾಕಿದ್ದ ಡಿಎಪಿ ಒಳಗಿನ ಫಾಸ್ಫೇಟ ನಿನ್ನ ಎರಿ ಮಣ್ಣಿನ್ಯಾಗ ಸೆರಿ ಬಿದ್ದೈತಿ. ಭೂಮ್ಯಾಗ ಇದ್ರ ಆಗಲಿಲ್ಲೋ ಮಾರಾಯ, ಬೇರಿಗೆ ಸಿಗಬೇಕು. ಬಿಡಸಿ ಕೊಡೋರು ಇಲ್ದ ನೀ ಎಷ್ಟು ಸುರದ್ರೂ ಅಷ್ಟ."

ಅಂಗಡಿಯವರಿಗೆಂದು ಸರ್ಕಾರ ನಡೆಸಿದ ಭಾನುವಾರದ ತರಗತಿಯಲ್ಲಿ ಕಲಿತದ್ದು ಇದು. ಗಂಡಸರ ನಡುವೆ ಒಬ್ಬಳೇ ಕೂತು ಕಲಿತಿದ್ದೆ. ಭರಮಣ್ಣ ತಲೆದೂಗಿದ, ಆಮೇಲೆ ಆ ಚೀಲವನ್ನೂ ಕೇಳಿದ. ಕೊಟ್ಟೆ. ಬುದ್ಧಿ ಪುಕ್ಕಟೆ, ಚೀಲಕ್ಕೆ ದುಡ್ಡು.

ಜೂನ್ 30

ಬೆಚ್ಚುವುದಲ್ಲ. ಫಿಟ್ಸು.

ಹೊಸಪೇಟೆಯಲ್ಲಿ ತಿಂಗಳಿಗೊಮ್ಮೆ ಕೂರುವ ಮಕ್ಕಳ ನರರೋಗದ ಡಾಕ್ಟರ್ ಲಲಿತಾ, ಕೂಸಿನ ತಲೆಗೆ ವೈರು ಅಂಟಿಸಿ ಗೆರೆ ತೆಗೆಸಿದರು. ಕಾಗದದ ತುಂಬ ಗೀಚು. ಎರಡು ಔಷಧಿ ಬರೆದಿದ್ದಾರೆ, ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದಾರೆ. ಸೊಸೆ "ನಾ ಹೇಳಿದ್ನಲ್ರಿ" ಎನ್ನಲಿಲ್ಲ. ಅಂದಿದ್ದರೆ ಒಂದು ಮಾತು ಆಡಿ ತೀರಿಸುತ್ತಿದ್ದೆ. ಅನ್ನದೆ ಉಳಿಸಿಕೊಂಡಳು.

ಜುಲೈ 25

ಬಾಣಂತನ ಮುಗಿಸಿ ಸೊಸೆ ಕೂಸಿನೊಂದಿಗೆ ಕಂಪ್ಲಿಗೆ ಬಂದಿದ್ದಾಳೆ. ಸಂಭ್ರಮ ಮಾಡಲಿಲ್ಲ. ಮುಂದೆ ಅಂಗಡಿ, ನಡುವೆ ಗೋದಾಮು, ಹಿಂದೆ ಮನೆ. ತೊಟ್ಟಿಲನ್ನು ಎಲ್ಲಕ್ಕಿಂತ ಹಿಂದಿನ ಕೋಣೆಗೆ ಹಾಕಿಸಿದೆ.

ಎದುರು ಮನೆಯ ಉಚ್ಚೆಂಗಮ್ಮ ವಾಸನೆ ಹಿಡಿದು ಬಂದೇ ಬಂದಳು. "ಏನಬೇ ಕೊಟ್ರಬಸವ್ವ, ಮೊಮ್ಮಗಳು ಬಂದಾಳಂತ, ಕಾಣವಲ್ಲಳಲ್ಲ?"

"ಕಣ್ಣು ಬೀಳ್ತಾವ ಅಂತ ಒಳಗ ಮಲಗಿಸೀನಿ. ನಿನ್ನಂಥಾಕಿ ಒಬ್ಬಾಕಿ ನೋಡಿದ್ರ ಸಾಕು, ನೆಳ್ಳಿಗೂ ಜ್ವರ ಬರ್ತೈತಿ."

ನಕ್ಕಳು, ಹೋದಳು. ಮಾತಿನಿಂದ ಬದುಕಿದವಳು ನಾನು. ಗಂಡ ಸತ್ತಾಗ ಅಂಗಡಿಯಲ್ಲಿ ಉಳಿದದ್ದು ಹಳೆಯ ದಾಸ್ತಾನು ಮತ್ತು ನನ್ನ ನಾಲಿಗೆ, ಎರಡೇ. ಎರಡನ್ನೂ ಮಾರಿದೆ. ಆದರೆ ಇವತ್ತು ತಿರುಗಿ ನೋಡಿದರೆ ಸೊಸೆ ಗೋದಾಮಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಕೂಸು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಮುಖದ ಪಕ್ಕ, ಗಾಳಿಯನ್ನು ನೋಡುತ್ತದೆ.

ಆಗಸ್ಟ್ 11

ಅಣೆಕಟ್ಟಿನ ಹತ್ತೊಂಬತ್ತನೇ ಗೇಟು ಚೈನು ಕಡಿದು ಕೊಚ್ಚಿ ಹೋಗಿದೆ. ಊರಿಗೆ ಊರೇ ಸೇತುವೆ ಮುಳುಗುತ್ತದೋ ಎಂದು ನೋಡಲು ಹೊಳೆಯ ಕಡೆ ಓಡಿತು. ಡ್ಯಾಮು ಖಾಲಿಯಾದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ನನ್ನ ಅಂಗಡಿಯೂ ಇಲ್ಲ. ನಾನೇ ಮೊದಲು ಓಡಬೇಕಿತ್ತು.

ಓಡಲಿಲ್ಲ. ಕೂಸಿಗೆ ನಿನ್ನೆಯಿಂದ ಬಿಟ್ಟೂಬಿಡದೆ ಬರುತ್ತಿದೆ. ಒಂದು ಬಂದು ಹೋಗುವಷ್ಟರಲ್ಲಿ ಇನ್ನೊಂದು. ಸೊಸೆ ಮಗ್ಗುಲಾಗಿ ಮಲಗಿಸಿ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತೆ, ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅವಳಿಗೆ ಒಂದು ಲೋಟ ಚಹಾ ಮಾಡಿಕೊಟ್ಟೆ. ಕುಡಿಯಲಿಲ್ಲ, ಆದರೆ ಲೋಟ ಹಿಡಿದುಕೊಂಡಿದ್ದಳು.

ಸೆಪ್ಟೆಂಬರ್ 12

ಬೆಂಗಳೂರಿನಿಂದ ರಿಪೋರ್ಟು ಬಂತು. ಹೊಸಪೇಟೆಗೆ ಮೂವರೂ ಹೋಗಿದ್ದೆವು, ಮಗ ಮಲ್ಲೇಶ ಶಿಫ್ಟು ಬಿಟ್ಟು ಬಂದಿದ್ದ.

ಡಾಕ್ಟರ್ ಲಲಿತಾ ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ಹೇಳಿದರು. ಮಿದುಳಿನ ಕಣಗಳು ಒಂದಕ್ಕೊಂದು ಮುಟ್ಟುವ ಜಾಗಗಳಿವೆ. ಕೆಲವು "ಹೊರಡು" ಅನ್ನುತ್ತವೆ, ಕೆಲವು "ನಿಲ್ಲು" ಅನ್ನುತ್ತವೆ. ಎರಡೂ ಸಮ ಇದ್ದರೆ ಮನುಷ್ಯ ನೆಟ್ಟಗಿರುತ್ತಾನೆ. ಈ "ನಿಲ್ಲು" ಜಾಗಗಳು ಹುಟ್ಟುವಾಗಲೇ ಸಿದ್ಧವಿರುವುದಿಲ್ಲ, ಕೂಸು ಬೆಳೆದ ಹಾಗೆ ಕಟ್ಟಿಕೊಳ್ಳುತ್ತ ಹೋಗುತ್ತವೆ. ಕಟ್ಟುವ ಪ್ರೋಟೀನುಗಳ ಮೈಮೇಲೆ ಅಲ್ಲಲ್ಲಿ ಒಂದು ಚೂರು ಫಾಸ್ಫೇಟ್ ಹಚ್ಚಬೇಕು. ಹಚ್ಚಿದರೆ ಯಾವುದು ಎಲ್ಲಿ ಕೂರಬೇಕು, ಯಾವುದು ಎದ್ದು ಕೆಲಸಕ್ಕೆ ಹೊರಡಬೇಕು ಎಂಬುದು ಅವುಗಳಿಗೆ ತಿಳಿಯುತ್ತದೆ. ಹಾಗೆ ಹಚ್ಚುವುದಕ್ಕೆಂದೇ ಬೇರೆ ಪ್ರೋಟೀನುಗಳಿವೆ. ಅಂಥದೊಂದನ್ನು ಮಾಡುವ ಜೀನು ಈ ಕೂಸಿನಲ್ಲಿ ಕೆಟ್ಟಿದೆ. ಅದರ ಹೆಸರು ಸಿಡಿಕೆಎಲ್ ಐದು, ಲಾರಿಯ ನಂಬರಿನ ಹಾಗೆ.

"ಪೂರ್ತಿ ನಮಗೂ ಇನ್ನೂ ಗೊತ್ತಿಲ್ಲಮ್ಮ," ಎಂದರು. "'ಹೊರಡು' ಅನ್ನೋ ಜಾಗಗಳಿಗೂ ಪೆಟ್ಟು ಬಿದ್ದಿರುತ್ತೆ. ಇಲಿಗಳ ಮೇಲೆ ನೋಡ್ತಾ ಇದ್ದಾರೆ."

ಗೊತ್ತಿಲ್ಲ ಎಂದು ಒಪ್ಪುವವರನ್ನು ನಾನು ನಂಬುತ್ತೇನೆ. ವ್ಯಾಪಾರದಲ್ಲಿ ಅಂಥವರು ಅಪರೂಪ.

"ಇದು ಯಾರ ಕಡೀದ್ರಿ?" ಎಂದು ಕೇಳಿದೆ. ನಾಲಿಗೆ ಅದಕ್ಕೇ ತುದಿಗಾಲಲ್ಲಿ ನಿಂತಿತ್ತು.

"ಯಾರ ಕಡೆಯದೂ ಅಲ್ಲ. ತಾಯಿಯಲ್ಲೂ ಇಲ್ಲ, ತಂದೆಯಲ್ಲೂ ಇಲ್ಲ. ಇವಳಲ್ಲೇ ಹೊಸದಾಗಿ ಆದದ್ದು."

ಸ್ಫೂರ್ತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಏಳುವ ಮುಂಚೆ ಇನ್ನೊಂದು ಕೇಳಿದೆ. "ಹಂಗಾರ ಫಾಸ್ಫೇಟ್ ಕಡಿಮಿ ಬಿದ್ದೈತೇನ್ರಿ? ನಂದ ಗೊಬ್ಬರದ ಅಂಗಡಿ, ಅದಕ್ಕ ಕೇಳಿದೆ."

ಡಾಕ್ಟರ್ ನಗಲಿಲ್ಲ. "ಫಾಸ್ಫೇಟ್ ಬೇಕಾದಷ್ಟಿದೆಯಮ್ಮ. ಹಚ್ಚೋರು ಇಲ್ಲ."

ಮನೆಗೆ ಬಂದು ಗೋದಾಮಿನಲ್ಲಿ ಸುಮ್ಮನೆ ಕೂತೆ. ಸೂರಿನವರೆಗೆ ಚೀಲ. ಹೊತ್ತು ಇಳಿಸುವ ಹಮಾಲಿ ಬರದ ದಿನ ಇಷ್ಟೂ ಮಾಲು ಕಲ್ಲಿಗೆ ಸಮ. ಕೂಸಿನ ತಲೆಯೊಳಗೆ ಒಬ್ಬ ಹಮಾಲಿ ಇಲ್ಲ. ಎಲ್ಲಿಂದ ಕರೆಸುವುದು? ಎಷ್ಟು ಕೂಲಿ ಕೊಟ್ಟರೆ ಬರುತ್ತಾನೆ?

ಅಕ್ಟೋಬರ್ 20

ಔಷಧಿ ಬದಲಾಯಿತು. ಫಿಟ್ಸು ಬದಲಾಗಲಿಲ್ಲ.

ಡಿಸೆಂಬರ್ 9

ಡಾಕ್ಟರ್ ಹೇಳಿದ ಹೊಸ ಪಥ್ಯ ಶುರು. ಕೂಸಿಗೆ ಇನ್ನು ಮೇಲೆ ಊಟದಲ್ಲಿ ಬರೀ ಕೊಬ್ಬು: ಕೆನೆ, ಬೆಣ್ಣೆ, ತೆಂಗಿನ ಹಾಲು, ಒಂದಿಷ್ಟು ಶೇಂಗಾ ಹಿಂಡಿದ್ದು. ಅನ್ನವಿಲ್ಲ, ರಾಗಿಯಿಲ್ಲ, ಬಾಳೆಹಣ್ಣಿಲ್ಲ, ಸಕ್ಕರೆಯ ಸುಳಿವೂ ಇಲ್ಲ. ಹೀಗೆ ಉಂಡರೆ ಮೈ ಸಕ್ಕರೆ ಬಿಟ್ಟು ಕೊಬ್ಬನ್ನು ಉರಿಸುತ್ತದಂತೆ, ಆ ಉರಿಯಲ್ಲಿ ಮಿದುಳು ಸ್ವಲ್ಪ ತಣ್ಣಗಾಗುತ್ತದಂತೆ. ಸರಿ ಆಗಿದೆಯೋ ಇಲ್ಲವೋ ಎಂದು ನೋಡಲು ದಿನಾ ಉಚ್ಚೆಯಲ್ಲಿ ಒಂದು ಪಟ್ಟಿ ಅದ್ದಬೇಕು. ನೇರಳೆಗೆ ತಿರುಗಿದರೆ ಪಥ್ಯ ಹಿಡಿದಿದೆ, ಬಣ್ಣ ಬಾರದಿದ್ದರೆ ಇಲ್ಲ.

ಭತ್ತದ ಊರಿನಲ್ಲಿ ಹುಟ್ಟಿದ ಕೂಸಿಗೆ ಒಂದು ಅಗುಳಿಲ್ಲ. ಮೊದಲ ಅನ್ನ ಉಣಿಸಲು ಬೆಳ್ಳಿ ಬಟ್ಟಲು ತೆಗೆದಿಟ್ಟಿದ್ದೆ. ಮತ್ತೆ ಟ್ರಂಕಿಗೆ ಹಾಕಿದೆ.

ಅಡುಗೆಮನೆಯಲ್ಲಿ ಸ್ಫೂರ್ತಿ ಬಂಗಾರದಂಗಡಿಯವರ ಹಾಗೆ ಸಣ್ಣ ತಕ್ಕಡಿ ಇಟ್ಟುಕೊಂಡು ಬೆಣ್ಣೆ ತೂಗುತ್ತಾಳೆ. ಚಮಚಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಒರೆಸಿ ಕೂಸಿನ ಬಾಯಿಗೆ ಹಾಕುತ್ತಾಳೆ, ಲೆಕ್ಕ ತಪ್ಪಬಾರದೆಂದು. ಜೀವಮಾನವೆಲ್ಲ ತೂಗಿದವಳು ನಾನು, ಇಂಥ ತೂಕ ಕಂಡಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ. ಹೊಗಳಿಕೆಯನ್ನು ಕಡ ಕೊಡುವ ಅಭ್ಯಾಸ ನನಗಿಲ್ಲ.

ಜನವರಿ 16, 2025

ಇದನ್ನು ಬರೆಯಲೇಬೇಕು.

ಪಥ್ಯ ಹಿಡಿದಿದೆ. ಫಿಟ್ಸು ಅರ್ಧಕ್ಕರ್ಧ ಇಳಿದಿದೆ. ಡಾಕ್ಟರ್ ಲಲಿತಾ ಸ್ಫೂರ್ತಿಯ ಬೆನ್ನು ತಟ್ಟಿದರು. ಬರುವಾಗ ಆಟೋದವನಿಗೆ ಹಂಪಿಯ ಕಡೆ ತಿರುಗಿಸೆಂದೆ. ಗುಡಿಯಲ್ಲಿ ಕೈ ಮುಗಿದು ಹೊಳೆಯ ಮೆಟ್ಟಿಲ ಮೇಲೆ ಕೂತೆವು. ಕೂಸು ನನ್ನ ತೊಡೆಯ ಮೇಲಿತ್ತು. ಕೆಳಗೆ ಒಬ್ಬ ಹೆಂಗಸು ಕಲ್ಲಿನ ಮೇಲೆ ಕಂಬಳಿ ಬಡಿಯುತ್ತಿದ್ದಳು, ದಪ್ ದಪ್ ಎಂದು. ಒಂದು ಪೆಟ್ಟಿಗೆ ಕೂಸು ಮೈ ಝಾಡಿಸಿತು. ಬಂತಪ್ಪ ಮತ್ತೆ ಎಂದು ಸೊಸೆಯ ಕೈಗೆ ಕೊಡಲು ಹೋದೆ. ಆದರೆ ಅದು ಫಿಟ್ಸಲ್ಲ.

ನಗು.

ಸದ್ದಿರುವ ನಗು. ಹುಟ್ಟಿ ಹತ್ತು ತಿಂಗಳಿಗೆ ಮೊದಲನೇ ಸಲ.

"ಅತ್ತೀ!" ಎಂದಳು ಸ್ಫೂರ್ತಿ.

ಹೆಂಗಸು ತಲೆಯೆತ್ತಿ ನೋಡಿದಳು. "ನನ್ನ ಕಂಬ್ಳಿ ನೋಡಿ ನಗತೈತೇನಬೇ ಕೂಸು?"

"ಇನ್ನೊಂದು ಬಡೀಬೇ ಯವ್ವ," ಎಂದೆ.

"ಹರದು ಹೋದ್ರ ಹೊಸಾದು ಕೊಡಸ್ತಿಯೇನು?"

"ಎರಡು ಕೊಡಸ್ತೀನಿ. ಬಡಿ."

ಬಡಿದಳು. ಪಂಪಿ ನಕ್ಕಳು. ಮತ್ತೆ ಬಡಿದಳು, ಮತ್ತೆ ನಕ್ಕಳು. ಪಂಪಾ ಎಂದು ಹೆಸರಿಟ್ಟಾಗ ಹೊಳೆಯ ಹೆಸರು ಹಳೆಯದಾಯಿತು, ಯಾವುದಾದರೂ ಹೊಸದಿಡು ಎಂದು ಸೊಸೆಯೊಡನೆ ಜಗಳ ತೆಗೆದವಳು ನಾನೇ. ಇವತ್ತು ಆ ಹೊಳೆಯ ಮುಂದೆ ತಾಯಿ ಮಗಳು ಇಬ್ಬರೂ ಅಷ್ಟು ಚೆಂದ ಕಂಡರು.

ಮನೆಗೆ ಬಂದು ಉಚ್ಚೆಂಗಮ್ಮನನ್ನು ನಾನೇ ಕೂಗಿ ಕರೆದು ಹೇಳಿದೆ. ಅವಳು ಒಳಗೆ ಬಂದು ಕೂಸನ್ನು ನಗಿಸಲೆಂದು ಹಾಸಿಗೆಯ ಪಕ್ಕ ನೆಲ ಬಡಿದೂ ಬಡಿದೂ ಕೈ ನೋಯಿಸಿಕೊಂಡಳು.

ಫೆಬ್ರವರಿ 4

ಅರ್ಧ ಇಳಿದದ್ದು ಪೂರ್ತಿ ಏಕೆ ಇಳಿಯಬಾರದು? ಮನಸ್ಸು ಅದನ್ನೇ ಅಗಿಯುತ್ತಿದೆ.

ಮೊನ್ನೆ ಹೊಸಪೇಟೆಗೆ ಮಾಲು ತರಲು ಹೋದವಳು ಹೋಮಿಯೋಪತಿ ಔಷಧಿಯ ಅಂಗಡಿಯ ಮುಂದೆ ನಿಂತೆ. "ಕೂಸುಗಳಿಗೆ ಕೊಡೋ ಫಾಸ್ಫೇಟ್ ಇರ್ತೈತೇನ್ರಿ?" ಎಂದು ಕೇಳಿದೆ. ಅವನು ಯಾವ ಕೂಸು, ಏನು ಕಾಯಿಲೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಹಲ್ಲು ಬರೋ ಮುಂದ ಕೊಡತಾರಲ್ರಿ," ಎಂದು ಬಿಳಿ ಗುಳಿಗೆಯ ಬಾಟಲಿ ಕೊಟ್ಟ. ಚೀಟಿಯ ಮೇಲೆ ಫಾಸ್ಫೇಟ್ ಎಂದೇ ಇದೆ.

ಹಚ್ಚುವವನಿಲ್ಲ ಎಂದು ಡಾಕ್ಟರ್ ಹೇಳಿದ್ದು ನೆನಪಿಲ್ಲದೆ ಇಲ್ಲ. ಆದರೆ ಹಮಾಲಿ ಬರದಿದ್ದರೂ ಸೂರಿನವರೆಗೆ ತುಂಬಿಸಿಟ್ಟ ಚೀಲ ಒಂದೆರಡು ತಾವಾಗಿಯೇ ಉರುಳಿ ಬಾಗಿಲಿಗೆ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಚ್ಚು ಹಾಕಿದರೆ ಅಷ್ಟೋ ಇಷ್ಟೋ ಹತ್ತೀತು.

ಇದರಲ್ಲಿ ಕದ್ದುಮುಚ್ಚಿ ಏನೂ ಇಲ್ಲ. ಸ್ಫೂರ್ತಿ ಸ್ನಾನಕ್ಕೆ ಹೋದಾಗ, ಬಟ್ಟೆ ಒಣಹಾಕಲು ಮೇಲೆ ಹೋದಾಗ ನೀರಲ್ಲಿ ಕರಗಿಸಿ ಕೊಡುತ್ತೇನೆ, ಅಷ್ಟೇ. ಪಂಪಿ ಚಪ್ಪರಿಸುತ್ತಾಳೆ. ಪಾಪ, ಬೆಣ್ಣೆ ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿದೆ. ಅವನು ಹೇಳಿದ್ದಕ್ಕಿಂತ ಒಂದಿಷ್ಟು ಧಾರಾಳವಾಗಿಯೇ ಕೊಟ್ಟೆ.

ಫೆಬ್ರವರಿ 19

ಪಟ್ಟಿಯ ನೇರಳೆ ತಿಳಿಯಾಗುತ್ತಿದೆ ಎಂದಳು ಸ್ಫೂರ್ತಿ. ಪಟ್ಟಿ ಹಳೆಯದಿರಬೇಕು ಎಂದೆ.

ಫೆಬ್ರವರಿ 27

ಪಟ್ಟಿಯ ಹೊಸ ಡಬ್ಬಿ ತರಿಸಿದೆವು. ಪಟ್ಟಿ ಹಾಗೆಯೇ ಬಿಳಿಚಿಕೊಂಡಿದೆ. ಫಿಟ್ಸು ತಿರುಗಿ ಬಂದಿದೆ, ಮೊದಲಿನ ಹಾಗೆಯೇ. ನಗು ಹೋಗಿದೆ. ಹಾಸಿಗೆಯ ಪಕ್ಕ ನೆಲ ಬಡಿದರೂ ಪಂಪಿ ಗಾಳಿಯನ್ನು ನೋಡುತ್ತಾಳೆ.

ಸ್ಫೂರ್ತಿ ಎಲ್ಲವನ್ನೂ ಎರಡೆರಡು ಸಲ ತೂಗುತ್ತಾಳೆ. ಮಲ್ಲೇಶ ಶಿಫ್ಟು ಮುಗಿಸಿ ಬಂದವನೇ ಸಿಡುಕಿದ: "ಎಲ್ಲೋ ನೀನ ತಪ್ಪು ತೂಗೀದಿ. ಇಲ್ಲಾಂದ್ರ ಹೆಂಗ ಬಿಳಿ ಆಗ್ತೈತಿ?"

"ಇಲ್ರಿ... ನನಗೂ ತಿಳೀವಲ್ದು. ಇರಬೇಕೇನೋ. ನಿದ್ದಿಗಣ್ಣಾಗ ತೂಗಿರಬೇಕೇನೋ."

ಅವನಿಗೆ ನಾನು ಬೈದೆ. ಹೊತ್ತು ಗೊತ್ತಿಲ್ಲದ ಗಂಡಸು ಎಂದೆ. ಗುಳಿಗೆಯ ಮಾತು ಆಗ ತಲೆಗೆ ಬರಲೇ ಇಲ್ಲ. ನಿಜವಾಗಿ ಬರಲಿಲ್ಲ. ಫಾಸ್ಫೇಟಿಗೂ ಸಕ್ಕರೆಗೂ ಏನು ಸಂಬಂಧ?

ಮಾರ್ಚ್ 6

ಹೊಸಪೇಟೆ. ಡಾಕ್ಟರ್ ಲಲಿತಾ ಸ್ಫೂರ್ತಿ ಬರೆದಿಟ್ಟ ತೂಕಗಳನ್ನೆಲ್ಲ ನೋಡಿದರು. "ಇದರಲ್ಲಿ ತಪ್ಪಿಲ್ಲ. ಬೇರೆ ಎಲ್ಲಿಂದಲೋ ಸಕ್ಕರೆ ಹೋಗ್ತಾ ಇದೆ. ಕೆಮ್ಮಿನ ಸಿರಪ್ಪು, ಟಾನಿಕ್, ಸಿಹಿ ಗುಳಿಗೆ, ಏನಾದ್ರೂ?"

"ಏನೂ ಇಲ್ರಿ ಮೇಡಂ."

"ಹುಡುಕಿ. ಹದಿನೈದು ದಿನ ನೋಡೋಣ. ಸಿಗಲಿಲ್ಲ ಅಂದ್ರೆ ಪಥ್ಯ ಇವಳಿಗೆ ಕೆಲಸ ಮಾಡೋದು ನಿಲ್ಲಿಸಿದೆ ಅಂತ ಅರ್ಥ. ನಿಲ್ಲಿಸಿಬಿಡೋಣ. ಸುಮ್ಮನೆ ಮಗುವಿಗೆ ಹಿಂಸೆ ಬೇಡ."

ಸಿಹಿ ಗುಳಿಗೆ.

ನನ್ನ ಕೈಚೀಲದಲ್ಲೇ ಇತ್ತು ಬಾಟಲಿ, ಮಡಿಲ ಮೇಲೆ. ಡಾಕ್ಟರು ಎದುರಿಗಿದ್ದರು, ಸೊಸೆ ಪಕ್ಕದಲ್ಲಿದ್ದಳು. ನಾನು ಚೀಲದ ಬಾಯಿ ಹಿಡಿದುಕೊಂಡು ಕೂತೆ.

ಬಸ್ಸಿನಲ್ಲಿ ಸ್ಫೂರ್ತಿ ಕಿಟಕಿಯ ಕಡೆ ತಿರುಗಿ ಅತ್ತಳು. ಸದ್ದಿಲ್ಲದೆ.

ಮಾರ್ಚ್ 7

ಗುಳಿಗೆ ನಿಲ್ಲಿಸಿದ್ದೇನೆ. ತಾನಾಗಿಯೇ ಬಣ್ಣ ಬಂದರೆ ಯಾರಿಗೂ ಏನೂ ಹೇಳಬೇಕಿಲ್ಲ.

ಮಾರ್ಚ್ 8

ಹೇಳಲಿಲ್ಲ. ಪಟ್ಟಿಯೂ ಬಿಳಿ.

ಮಾರ್ಚ್ 9

ಸ್ಫೂರ್ತಿ ಅಡುಗೆಮನೆ ಪೂರ್ತಿ ಬರಿದು ಮಾಡಿದಳು. ಹಲ್ಲುಪುಡಿಯ ಡಬ್ಬಿಯ ಚೀಟಿ ಓದಿದಳು. ಕೂಸಿನ ಪೌಡರು ಹೊರಗೆ ಹಾಕಿದಳು. ಬೆಣ್ಣೆ ತರುವ ಮನೆಗೆ ಹೋಗಿ ಜಗಳವಾಡಿ ಬಂದಳು. ಸಂಜೆ ತನ್ನ ತಾಯಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಇಲ್ಲಬೇ, ಮೇಡಂ ನನ್ನ ಮನಸಿಗೆ ಹತ್ತಬಾರದಂತ ಹಂಗಂದಾರ. ನನ್ನ ಕೈಯಾಗ ಏನೋ ದೋಷ ಐತಿ."

ಜಿಂಕು ಗೊಬ್ಬರ ಬೇಡವೆಂದು ಬಂದವನಿಗೆ ಜಿಂಕು ಮಾರಿ ಕಳಿಸಿದ್ದೇನೆ. ಜಿಲ್ಲಾ ಅಧಿಕಾರಿಯ ಮುಂದೆ ನಿಂತು ವಾದ ಮಾಡಿ ಲೈಸೆನ್ಸು ಉಳಿಸಿಕೊಂಡಿದ್ದೇನೆ. ಈ ಒಂದು ಮಾತು ಮಾತ್ರ ಹೇಳಲಾಗುತ್ತಿಲ್ಲ. ಹೇಳಿದರೆ ಆಮೇಲೆ ಪಂಪಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಹೇಳದಿದ್ದರೆ ಪಥ್ಯ ಹೋಗುತ್ತದೆ, ಅದರೊಡನೆ ಹಂಪಿಯ ಆ ನಗುವೂ ಹೋಗುತ್ತದೆ, ಕಡೆಗೆ ಈ ಹುಡುಗಿಯೂ ತಾನೇ ಮಗುವನ್ನು ಕೆಡಿಸಿದೆನೆಂದು ಒಳಗೇ ಬೆಂದು ಹೋಗುತ್ತಾಳೆ. ಯಾವ ಕಡೆಯಿಂದ ತೂಗಿದರೂ ತಟ್ಟೆ ಒಂದೇ ಕಡೆ ಬಾಗುತ್ತದೆ. ಆದರೂ ತೂಗುತ್ತ ಕೂತಿದ್ದೇನೆ.

ಮಾರ್ಚ್ 10

ಹೇಳಿದೆ.

ಬೆಳಿಗ್ಗೆ ಬೆಣ್ಣೆ ತೂಗುತ್ತಿದ್ದಳು. ಬಾಟಲಿಯನ್ನು ತಕ್ಕಡಿಯ ಪಕ್ಕ ಇಟ್ಟೆ.

"ಇದೇನ್ರಿ ಅತ್ತಿ?"

"ಫಾಸ್ಫೇಟು. ಪಂಪಿಗೆ ಕೊಟ್ಟೀನಿ. ನೀ ಸ್ನಾನಕ್ಕ ಹೋದಾಗ. ಹೋದ ತಿಂಗಳಿಂದ."

ಚೀಟಿ ಓದಿದಳು. ಮುಚ್ಚಳ ತೆಗೆದು ಒಂದು ಗುಳಿಗೆಯನ್ನು ತನ್ನ ನಾಲಿಗೆಯ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅದು ಕರಗುವವರೆಗೆ ಇಬ್ಬರೂ ನಿಂತಿದ್ದೆವು.

"ಸೀ ಐತ್ರಿ," ಎಂದಳು.

"ನನಗ ತಿಳೀಲಿಲ್ಲವ್ವ. ಫಾಸ್ಫೇಟ್ ಹೆಚ್ಚಾದ್ರ ಒಂದಿಷ್ಟಾದ್ರೂ ಹತ್ತೀತು ಅಂತ..."

"ಮೇಡಂ ಸಿಹಿ ಗುಳಿಗಿ ಅಂದಾಗ ತಿಳೀತೋ ಇಲ್ಲೋ?"

ಅವಳು ಕೂಗಾಡಲಿಲ್ಲ. ಮೊದಲು ಡಾಕ್ಟರಿಗೆ ಫೋನು ಹಚ್ಚಿದಳು. ಅವರ ದನಿ ನನಗೂ ಕೇಳಿಸಿತು: "ಸದ್ಯ, ಸಿಕ್ಕಿತಲ್ಲ! ಆ ಗುಳಿಗೆಯೆಲ್ಲ ಹಾಲಿನ ಸಕ್ಕರೆಯದ್ದೇ. ಪಥ್ಯ ಬಿಡಬೇಡಿ, ಮುಂದುವರಿಸಿ." ಆಮೇಲೆ ಬಟ್ಟೆ ಜೋಡಿಸಿದಳು. ಮಧ್ಯಾಹ್ನದ ಬಸ್ಸಿಗೆ ತಕ್ಕಡಿ ಮತ್ತು ಪಂಪಿಯನ್ನು ತೆಗೆದುಕೊಂಡು ಸಂಡೂರಿಗೆ ಹೋದಳು. ಹೋಗುವಾಗ ಕಾಲು ಮುಟ್ಟಿ ನಮಸ್ಕರಿಸಿದಳು. ಅದೊಂದು ಮಾಡಬಾರದಿತ್ತು.

ಮಾರ್ಚ್ 17

ತೊಟ್ಟಿಲಿನ ಮೇಲೆ ಧೂಳು ಕೂರುತ್ತದೆಂದು ಒರೆಸಿದೆ. ಗೋದಾಮಿನಿಂದ ಗೊಬ್ಬರದ ಧೂಳು ಬರುತ್ತದೆ ಈ ಕೋಣೆಗೆ. ಇಷ್ಟು ದಿನ ಕಾಣಲೇ ಇಲ್ಲವಲ್ಲ. ಇಲ್ಲೇಕೆ ಹಾಕಿಸಿದೆನೋ. ಇಬ್ಬರು ಹಮಾಲಿಗಳನ್ನು ಕರೆದು, ಅಂಗಡಿಯ ಪಕ್ಕದಲ್ಲಿ ಬೀದಿಗೆ ಕಾಣುವ ಗಾಳಿ ಬೆಳಕಿನ ಕೋಣೆಗೆ ಸಾಗಿಸಿದೆ.

ಮಾರ್ಚ್ 30, ಯುಗಾದಿ

ಬೇವು ತಿಂದೆ. ಬೆಲ್ಲ ಬೇಡವೆನಿಸಿತು.

ಮಲ್ಲೇಶ ಸಂಡೂರಿಗೆ ಹೋಗಿ ಬಂದ. ಪಟ್ಟಿ ನೇರಳೆ ಆಗಿದೆಯಂತೆ.

"ನಾನು ಬರಲೇನು ಅಂತ ಕೇಳಿದ್ಯಾ?"

"ಕೇಳ್ದೆ ಬೇ."

"ಏನಂದ್ಲು?"

"ಬಾ ಅನ್ನಲಿಲ್ಲ. ಬ್ಯಾಡ ಅಂತನೂ ಅನ್ನಲಿಲ್ಲ. ಸುಮ್ಮನಾದ್ಲು."

ಏಪ್ರಿಲ್ 2

ಸಂಡೂರಿನ ಬಸ್ಸು. ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಸೀರೆಯೆಲ್ಲ ಕೆಂಪು. ಬೀಗತಿ ಜಂಬವ್ವ ಬಾಗಿಲು ತೆಗೆದು, "ಬರ್ರಿ, ಕುಂದ್ರಿ," ಎಂದಷ್ಟೇ ಅಂದು ನೀರು ತರಲು ಹೋದರು. ಸ್ಫೂರ್ತಿ ಒಳಗಿನಿಂದ ಬಂದು ಗೋಡೆಗೆ ಒರಗಿ ಕೂತಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಿದ್ದವು. ಒಂದೂ ನೆನಪಾಗಲಿಲ್ಲ.

ಅವಳೇ ಆಡಿದಳು. "ಅತ್ತಿ, ನೀವು ವಿಷ ಕೊಟ್ಟಿಲ್ಲ. ಅದು ನನಗ ಗೊತ್ತೈತಿ. ನಾನೂ ಎಲ್ಲೆಲ್ಲೋ ಹರಕಿ ಹೊತ್ತೀನಿ. ಯಾರೋ ಹೇಳಿದ್ರಂತ ಯಾವುದೋ ಬೇರು ಅರದು ಹಣಿಗೆ ಹಚ್ಚೀನಿ. ಆದ್ರ ಕಡೀಕೆ ನಾನು ಡಬ್ಬಿ ಡಬ್ಬಿ ತಗದು ಹುಡುಕಾಕ ಹತ್ತಿದ್ನಲ್ಲ, ನಾಕು ದಿನ, ಆವಾಗ ನೀವು ಅಲ್ಲೇ ಕುಂತಿದ್ರಿ. ನನ್ನ ಮಾರಿ ನೋಡ್ಕಂತ."

"ಹೂಂ," ಎಂದೆ. "ಕುಂತಿದ್ದೆ."

"ಯಾಕ?"

"ಪಂಪಿನ್ನ ನನ್ನ ಕೈಯಾಗ ಕೊಡಂಗಿಲ್ಲ ಅಂತ ಅಂಜಿಕಿ ಆತವ್ವ."

ನನ್ನನ್ನೇ ನೋಡಿದಳು. ಮೊದಲು ಯಾವಾಗಲೂ ಹಾಗೆ ನೋಡಿರಲಿಲ್ಲ. ನಾನು ಅವಳೆದುರು ಒಂದು ಮಾತನ್ನೂ ಸೇರಿಸದೆ, ಕಟ್ಟದೆ ಹೇಳಿದ್ದು ಇದೇ ಮೊದಲಿರಬೇಕು.

ಎದ್ದು ಒಳಗೆ ಹೋದಳು. ತೂಗಿಟ್ಟ ಬಟ್ಟಲನ್ನೂ ಪಂಪಿಯನ್ನೂ ತಂದು, ಎರಡನ್ನೂ ನನ್ನ ಮುಂದೆ ಇಟ್ಟಳು. ಉಣಿಸಿ ಮುಗಿಸುವವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈ ಬಟ್ಟಲಿಗೆ ಹೋಗುವುದನ್ನು, ಬಾಯಿಗೆ ಹೋಗುವುದನ್ನು, ಸೆರಗಿನ ಹತ್ತಿರ ಸುಳಿಯುವುದನ್ನು ನೋಡುತ್ತಿದ್ದಳು. ನೋಡಲಿ.

ಏಪ್ರಿಲ್ 5

ಜಂಬವ್ವ ಇಲ್ಲೇ ಇರಿ ಎಂದಿದ್ದಾರೆ. ಬೇಸಿಗೆ, ಅಂಗಡಿಗೆ ಅಂಥ ಕೆಲಸವಿಲ್ಲ, ಮಲ್ಲೇಶ ರಜೆಯ ದಿನ ತೆಗೆದರೆ ಸಾಕು. ನಾನು ಮಾತಾಡುತ್ತ ಪಂಪಿಗೆ ಉಣಿಸುತ್ತೇನೆ, ಸ್ಫೂರ್ತಿ ಬಾಗಿಲಲ್ಲಿ ನಿಂತಿರುತ್ತಾಳೆ. ಹೊತ್ತು ಹೊತ್ತಿಗೂ.

ಪಂಪಿ ಇನ್ನೂ ಕೂರುವುದಿಲ್ಲ. ಅವಳ ವಾರಿಗೆಯ ಕೂಸುಗಳು ಹೆಜ್ಜೆ ಇಡುತ್ತಿವೆ. ಕೂತಾಳೋ, ನಡೆದಾಳೋ, ಡಾಕ್ಟರೂ ಹೇಳಲಾರರು. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಯಾವಾಗ ಬಿಟ್ಟೆನೋ ನೆನಪಿಲ್ಲ. ಕೆನೆ ಬಾಯಿಂದ ಹೊರಗೆ ಉಗುಳುವ ಮುಂಚೆ ಮೂಗು ಮುರಿಯುತ್ತಾಳೆ, ಥೇಟು ನನ್ನ ಅತ್ತೆ.

ಏಪ್ರಿಲ್ 11

ಉಣಿಸುವಾಗ ಫಿಟ್ಸು ಬಂತು. ಸಣ್ಣದು. ಬಟ್ಟಲು ಕೆಳಗಿಟ್ಟು, ಮಗ್ಗುಲಾಗಿ ಹೊರಳಿಸಿ, ಬೆನ್ನ ಮೇಲೆ ಕೈ ಇಟ್ಟು ಕೂತೆ. "ಆತವ್ವ, ಆತು, ಇಲ್ಲೇ ಅದೀನಿ" ಎಂದೆ. ನಿಲ್ಲು ಎಂದು ಒಳಗೆ ಹೇಳುವವರಿಲ್ಲ, ಹೊರಗಿನಿಂದ ನಾನು ಹೇಳಿದರೆ ನಿಲ್ಲುತ್ತದೆ ಎಂದೇನೂ ಅಲ್ಲ. ಅದರ ಹೊತ್ತಿಗೆ ಅದು ನಿಂತಿತು. ಬಾಯಿ ಒರೆಸಿದೆ. ಅವಳು ಪೂರ್ತಿ ಎಚ್ಚರಾಗುವವರೆಗೆ ಕಾದು, ತಲೆಯೆತ್ತಿ ಹಿಡಿದು, ಉಳಿದದ್ದನ್ನು ನಿಧಾನಕ್ಕೆ ಉಣಿಸಿದೆ. ಚಮಚಕ್ಕೆ ಅಂಟಿದ್ದನ್ನೂ ಬಿಡಲಿಲ್ಲ.

ಆಮೇಲೆ ನೋಡಿದೆಯಲ್ಲ ಸ್ಫೂರ್ತಿ ಎಂದು ಹೇಳಲು ಬಾಗಿಲ ಕಡೆ ತಿರುಗಿದೆ.

ಯಾರೂ ಇರಲಿಲ್ಲ.

ಪಂಪಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ಒಳಗೆ ಇಣುಕಿದೆ. ಸ್ಫೂರ್ತಿ ಬರೀ ನೆಲದ ಮೇಲೆ ಮಲಗಿದ್ದಳು, ಬಾಯಿ ತೆರೆದುಕೊಂಡು, ಒಂದು ಕಾಲಿನ ಗೆಜ್ಜೆ ಮೇಲೆ ಸರಿದು, ವರ್ಷದ ನಿದ್ದೆಯನ್ನು ಒಟ್ಟಿಗೆ ಮಾಡುವವಳ ಹಾಗೆ. ಎಷ್ಟು ಹೊತ್ತಿಗೆ ಒಳಗೆ ಹೋದಳೋ.

ಬಾಗಿಲು ಕಿರ್ರೆನ್ನದ ಹಾಗೆ ಮೆಲ್ಲಗೆ ಮುಂದಕ್ಕೆ ಎಳೆದೆ.